ಕಿವಿಗೆ ಹಿಡಿದ ಬೇರು

ಮರ್ಫಿ ಟೌನ್, ಬೆಂಗಳೂರು
೧೪ ಏಪ್ರಿಲ್ ೨೦೨೪

ಅತ್ತೆಯವರಿಗೆ ರುದ್ರಾಣಿಯ ಶರಣಾರ್ಥಿ.

ನಿಮ್ಮ ಫೋನಿನಲ್ಲಿ ನನ್ನ ನಂಬರ್ ಬಂದ್ ಮಾಡಿಸಿದ್ದೀರಿ ಎಂದು ಚಾಂದ್ ಪಾಷಾ ಹೇಳಿದ. ಸರಿ. ನಿಮ್ಮ ಬೇರಿನ ಚೀಲಗಳನ್ನು ಬೆಂಗಳೂರಿಗೆ ತರುವ ಇದೇ ಲಾರಿಯವನ ಜೇಬಿನಲ್ಲೇ ಈ ಪತ್ರ ಇಡುತ್ತಿದ್ದೇನೆ. ಅವನ ಜೇಬನ್ನು ಬಂದ್ ಮಾಡಿಸಲು ನಿಮ್ಮಿಂದ ಆಗುವುದಿಲ್ಲವಲ್ಲ.

ವಿಷಯ ಒಂದೇ. ಜೂನ್ ಒಂದಕ್ಕೆ ಕಾವೇರಿಯನ್ನು ನನ್ನ ಹತ್ತಿರ ಕಳಿಸಿ. ನಿಮ್ಮ ಮಗ ಹೋಗಿ ಮೂರು ವರ್ಷವಾಯಿತು. ಆಗ ನನ್ನ ಕೈಯಲ್ಲಿ ಕೆಲಸವಿರಲಿಲ್ಲ, ನಾಲ್ಕು ವರ್ಷದ ಹುಡುಗಿಯನ್ನು ನಿಮ್ಮ ಮಡಿಲಿಗೆ ಹಾಕಿ ಬಂದೆ. ನೋಡಿಕೊಳ್ಳಿ ಎಂದಿದ್ದೆ, ಇಟ್ಟುಕೊಳ್ಳಿ ಎಂದಿರಲಿಲ್ಲ. ಈಗ ಕೆಲಸ ಕಾಯಂ ಆಗಿದೆ. ಮಾರ್ಕೆಟ್ಟಿನ ಹಿಂದೆ ಒಂದು ರೂಮು ಹಿಡಿದಿದ್ದೇನೆ. ಓನರ್ ಅಮೃತಮ್ಮ ತಮಿಳಿನವರು, ಒಳ್ಳೆಯವರು. "ಕೊಳಂದೆನ ಕರ್ಕೊಂಡು ಬಾಮ್ಮಾ, ನೀನು ಡ್ಯೂಟಿಗೆ ಹೋದ್ರೆ ನಾನ್ ನೋಡ್ಕೊಳ್ತೀನಿ" ಎಂದಿದ್ದಾರೆ. ಶಾಲೆಯಲ್ಲಿ ಸೀಟು ಹೇಳಿಟ್ಟಿದ್ದೇನೆ, ಯೂನಿಫಾರ್ಮ್ ಹೊಲಿಸಲು ಅಳತೆ ಬೇಕು. ಹಳೆಯ ಫ್ರಾಕ್ ಒಂದನ್ನು ಪಾಷಾ ಕೈಲಿ ಕೊಟ್ಟು ಕಳಿಸಿ.

ನಾನು ಇಲ್ಲಿ ಏನು ಮಾಡುತ್ತೇನೆ ಎಂದು ಊರಲ್ಲಿ ಏನೇನೋ ಕಥೆ ಕಟ್ಟಿದ್ದಾರಂತೆ. ಕೇಳಿಸಿಕೊಳ್ಳಿ. ನೀವೂ ನಿಮ್ಮ ಸಂಘದ ಹೆಂಗಸರೂ ಬೆಳೆದು ಕಳಿಸುವ ಅಶ್ವಗಂಧ ಮೊದಲು ಹಲಸೂರಿನ ಗೋಡೌನಿಗೆ ಬರುತ್ತದೆ. ಅದು ಪುಡಿಯಾಗಿ ಡಬ್ಬಿ ಸೇರುವ ಮೊದಲು ದೊಮ್ಮಲೂರಿನಲ್ಲಿರುವ ಕಂಪನಿಯ ಲ್ಯಾಬಿಗೆ ಬರುತ್ತದೆ. ಅದರಲ್ಲಿ ಬೂಷ್ಟಿನ ವಿಷ ಇದೆಯೇ ಎಂದು ನೋಡುವುದು ನನ್ನ ಕೆಲಸ. ಬೇರು ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ವಿಷ ಬಿಡುತ್ತದೆ. ಆಮೇಲೆ ತೊಳೆದರೂ ಹೋಗದು, ಬಿಸಿಲಿಗೆ ಹಾಕಿದರೂ ಹೋಗದು, ಕುದಿಸಿದರೂ ಹೋಗದು. ನಾಲಿಗೆಗೆ ರುಚಿ ತಿಳಿಯದು. ಸೀದಾ ಲಿವರಿಗೆ ಹೋಗಿ ಕೂರುತ್ತದೆ. ಇಂಥದ್ದನ್ನು ಹುಡುಕಿ ತೆಗೆಯುವವಳು ನಿಮ್ಮ ಸೊಸೆ.

ಫ್ರಾಕ್ ಮರೆಯಬೇಡಿ.

ರುದ್ರಾಣಿ


ಕೆಂಚನಾಳ, ಚಿಂಚೋಳಿ ತಾಲೂಕು
೨ ಮೇ ೨೦೨೪

ರುದ್ರಾಣಿ,

ಆಶೀರ್ವಾದ ಅಂತ ಬರೆಯಲು ಹೋದೆ, ಕೈ ಏಳಲಿಲ್ಲ. ಅದಕ್ಕೆ ಬರೀ ಹೆಸರು ಬರೆದಿದ್ದೇನೆ.

ನಂಬರ್ ಯಾಕೆ ಬಂದ್ ಮಾಡಿಸಿದೆ ಗೊತ್ತೇನು? ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹುಡುಗಿ ಎರಡು ದಿನ ಉಣ್ಣುವುದಿಲ್ಲ. ನೀನು ಅಲ್ಲಿ "ಅವ್ವಿ, ಚಿನ್ನಿ" ಅಂತ ಮುದ್ದು ಮಾಡಿ ಫೋನ್ ಇಟ್ಟು ಮಲಗುತ್ತೀ. ಇಲ್ಲಿ ಅದರ ಮೂಗು ಒರೆಸುವವಳು ನಾನು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನು. ಹೇನು ತೆಗೆದವಳು ನಾನು. ಮಗನನ್ನು ನುಂಗಿ ನೀರು ಕುಡಿದವಳಿಗೆ ಮೊಮ್ಮಗಳನ್ನೂ ತಟ್ಟೆಗೆ ಹಾಕಿ ಕೊಡಬೇಕೇನು?

ಆಹಾ, ವಿಷ ಹುಡುಕುವವಳಂತೆ! ನಾನು ಅಂಗನವಾಡಿಯಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದವಳು, ನನಗೆ ಪಾಠ ಹೇಳಬೇಡ. ನಮ್ಮಲ್ಲಿ ಚೀಲದ ಬಾಯಿ ಹೊಲಿಯುವ ಮುಂಚೆ ಪ್ರತಿ ರಾಶಿಯಿಂದ ಒಂದು ಬೇರು ತೆಗೆದು ಕಿವಿಗೆ ಹಿಡಿದು ಮುರಿಯುತ್ತೇವೆ. ಸಂಘದಲ್ಲಿ ಹಿರಿಯಳು ಯಾರೋ ಅವಳೇ ಮುರಿಯಬೇಕು. ಟಕ್ ಅಂತ ಸಪ್ಪಳ ಬಂದರೆ ಒಣಗಿದೆ ಅಂತ. ಮೆತ್ತಗೆ ಬಾಗಿದರೆ ಮತ್ತೆ ಬಿಸಿಲಿಗೆ. ನನ್ನ ಅತ್ತೆ ಮುರಿದಳು, ಈಗ ನಾನು ಮುರಿಯುತ್ತೇನೆ. ನೀನು ಇಲ್ಲೇ ಇದ್ದಿದ್ದರೆ ನನ್ನ ನಂತರ ನೀನು ಮುರಿಯಬೇಕಿತ್ತು. ನಿನಗೆ ಆ ಯೋಗ್ಯತೆ ಬೇಡವಾಯಿತು, ಮಷೀನು ಬೇಕಾಯಿತು.

ಹುಡುಗಿ ಸಣಕಲಿ, ಅಪ್ಪನ ಮೈಕಟ್ಟು. ದಿನಾ ಸಂಜೆ ಹಾಲಿನಲ್ಲಿ ಬೇರಿನ ಪುಡಿ ಕುದಿಸಿ ಕೊಡುತ್ತೇನೆ. ನಮ್ಮ ಮನೆಯಲ್ಲಿ ಎಲ್ಲ ಮಕ್ಕಳೂ ಅದನ್ನು ಕುಡಿದೇ ಬೆಳೆದವು.

ಇಷ್ಟೆಲ್ಲ ಬೈದೆ ಅಂತ ಅಳಬೇಡ. ಒಂದನೇ ತಾರೀಖು ಹುಡುಗಿಯನ್ನು ರೈಲಿಗೆ ಕೂರಿಸುತ್ತೇನೆ. ಪಾಷಾನ ತಂಗಿ ಬೆಂಗಳೂರಿಗೆ ಹೊರಟಿದ್ದಾಳೆ, ಅವಳ ಜೊತೆ ಕಳಿಸುತ್ತೇನೆ. ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದು ನಿಲ್ಲು. ಫ್ರಾಕ್ ಚೀಲದಲ್ಲಿದೆ.

ಭೀಮಬಾಯಿ


ಮರ್ಫಿ ಟೌನ್
೧೯ ಮೇ ೨೦೨೪

ಪೂಜ್ಯ ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಬೈಗುಳವೆಲ್ಲ ನನಗೆ ಕಾಣಿಸಲೇ ಇಲ್ಲ, ಕೊನೆಯ ನಾಲ್ಕು ಸಾಲು ಮಾತ್ರ ಕಂಡವು. ಯೂನಿಫಾರ್ಮ್ ಹೊಲಿಯಲು ಕೊಟ್ಟಿದ್ದೇನೆ. ಎರಡು ಬೆರಳು ಉದ್ದ ಬಿಡಿಸಿದ್ದೇನೆ, ಬೆಳೆಯುವ ಹುಡುಗಿ.

ಚೀಲಗಳು ಬಂದವು. ಬಂದ ದಿನವೇ ಪ್ರತಿ ಚೀಲದಿಂದಲೂ ತೆಗೆಸಿ, ನನ್ನ ಕೈಯಾರೆ ಅರೆದು ನೋಡಿದೆ. ಒಂದು ಚೂರೂ ವಿಷವಿಲ್ಲ. ನಿಮ್ಮ ಕಿವಿಗೆ ನಮಸ್ಕಾರ ಅತ್ತೆ. ಲ್ಯಾಬಿಗೆ ಹೊಸದಾಗಿ ಸೇರಿದ ರಿಮ್ಶಾ ಎಂಬ ಹುಡುಗಿಗೆ "ಇದು ನಮ್ಮ ಮನೆಯ ಬೇರು" ಎಂದು ಹೇಳಿಕೊಂಡೆ.

ಇಲ್ಲಿ ಮಳೆ ಶುರುವಾಗಿದೆ, ಮಳೆ ಎಂದರೆ ಅಂಥಿಂಥ ಮಳೆಯಲ್ಲ. ಮೊನ್ನೆ ಹಲಸೂರು ಕೆರೆಯ ಕಡೆಯಿಂದ ಚರಂಡಿ ಉಕ್ಕಿ ಗೋಡೌನಿಗೆ ನುಗ್ಗಿತು. ಪಾದ ಮುಳುಗುವಷ್ಟು ನೀರು. ನಿಮ್ಮ ಚೀಲಗಳು ನೆಲದ ಮೇಲೇ ಇದ್ದವು. ಚಾಂದ್ ಪಾಷಾ ಬಾಗಿಲಲ್ಲಿ ನಿಂತು "ಅರೆ ಮೇಡಂ, ಎತ್ತಿ ಇಡ್ರಿ ಅಂತ ಎಷ್ಟ್ ಸಾರಿ ಹೇಳಿದೆ, ಯಾರ್ ಕೇಳ್ತಾರೆ ಹಮಾರಿ ಬಾತ್" ಎಂದು ಕೂಗಾಡಿದ. ಮ್ಯಾನೇಜರ್ ರಾಜಶೇಖರ ಸಾರ್ ಬಂದು ನೋಡಿ, ಫ್ಯಾನ್ ಹಾಕಿಸಿ ಹೋದರು. ಅದು ಅವರ ತಲೆನೋವು ಬಿಡಿ, ನಮ್ಮದಲ್ಲ.

ಕಾವೇರಿಗೆ ರೈಲಿನಲ್ಲಿ ಕಿಟಕಿ ಪಕ್ಕ ಕೂರಬೇಡ ಎನ್ನಿ. ಕಣ್ಣಿಗೆ ಧೂಳು ಬೀಳುತ್ತದೆ.

ನಿಮ್ಮ ಸೊಸೆ
ರುದ್ರಾಣಿ


ಮರ್ಫಿ ಟೌನ್
೨೧ ಜೂನ್ ೨೦೨೪

ಭೀಮಬಾಯಿಯವರಿಗೆ,

ಒಂದನೇ ತಾರೀಖು ಬೆಳಿಗ್ಗೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ನಿಂತೆ. ರೈಲು ಬಂತು, ಹೋಯಿತು. ಬೋಗಿ ಬೋಗಿ ಓಡಿ ನೋಡಿದೆ. ಮುಂದಿನ ರೈಲಿಗೂ ನಿಂತೆ. ಕೊನೆಗೆ ಪಾಷಾನಿಗೆ ಫೋನ್ ಮಾಡಿದರೆ ಅವನು ಸಂಕಟಪಟ್ಟುಕೊಂಡು, "ನಂಗೆ ತಂಗಿ ಎಲ್ಲವ್ಳೆ ಮೇಡಂ, ನಾವ್ ಮೂರು ಜನಾನೂ ಗಂಡುಮಕ್ಳೇ" ಎಂದ.

ನಕ್ಕಿರಬೇಕು ನೀವು. ಸಂಘದ ಹೆಂಗಸರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿರಬೇಕು. ಯೂನಿಫಾರ್ಮ್ ತೊಗೊಂಡು ಹೋಗಿ ನಿಂತಿದ್ದೆ, ಅದನ್ನೂ ಸೇರಿಸಿ ಹೇಳಿ, ಇನ್ನೂ ಚೆನ್ನಾಗಿರುತ್ತದೆ.

ಈಗ ಆಫೀಸಿನ ವಿಷಯ. ಪುಡಿ ಮಾಡುವ ಮೊದಲು ನಿಮ್ಮ ಬೇರನ್ನು ಇನ್ನೊಮ್ಮೆ ಪರೀಕ್ಷಿಸಲಾಯಿತು. ಬೂಷ್ಟಿನ ವಿಷ ಮಿತಿಗಿಂತ ಬಹಳ ಹೆಚ್ಚಿದೆ. ಕಾರಣ: ಬೇರು ಸರಿಯಾಗಿ ಒಣಗಿರಲಿಲ್ಲ. ತಪ್ಪು ಸರಬರಾಜು ಮಾಡಿದವರದು. ಚೀಲಗಳು ವಾಪಸ್ ಬರುತ್ತವೆ. ಇನ್ನು ಮುಂದೆ ಕೆಂಚನಾಳದಿಂದ ಕಂಪನಿ ಬೇರು ಕೊಳ್ಳುವುದಿಲ್ಲ. ವರದಿಯಲ್ಲಿ ಸಹಿ ನನ್ನದು.

ಸಂಘದ ಹೆಂಗಸರು ಬಾಗಿಲಿಗೆ ಬಂದಾಗ ಏನು ಹೇಳುತ್ತೀರೋ ಹೇಳಿ. ಹುಡುಗಿಯನ್ನು ಸಾಕುವುದು ಕಷ್ಟವಾದರೆ ನನ್ನ ವಿಳಾಸ ನಿಮ್ಮ ಹತ್ತಿರ ಇದೆ.

ರುದ್ರಾಣಿ


ಕೆಂಚನಾಳ
೧೦ ಜುಲೈ ೨೦೨೪

ಏ ರುದ್ರಾಣಿ,

ನಿನ್ನ ವರದಿಯನ್ನು ಸಂಘದ ಮುಂದೆ ಓದಿದೆ. ಅದರ ಜೊತೆ ನಿನ್ನ ಮೇ ತಿಂಗಳ ಪತ್ರವನ್ನೂ ಓದಿದೆ. "ನನ್ನ ಕೈಯಾರೆ ಅರೆದು ನೋಡಿದೆ, ಒಂದು ಚೂರೂ ವಿಷವಿಲ್ಲ, ನಿಮ್ಮ ಕಿವಿಗೆ ನಮಸ್ಕಾರ ಅತ್ತೆ." ಹೌದಾ? ಮೇ ತಿಂಗಳಲ್ಲಿ ಇಲ್ಲದ ವಿಷ ಜೂನ್ ತಿಂಗಳಲ್ಲಿ ಎಲ್ಲಿಂದ ಹುಟ್ಟಿತು? ನಾನು ಹೇಳಲಾ? ನಿನ್ನ ಹೊಟ್ಟೆಯಲ್ಲಿ ಹುಟ್ಟಿತು. ಹುಡುಗಿ ರೈಲಿನಿಂದ ಇಳಿಯಲಿಲ್ಲ, ಬೇರಿಗೆ ವಿಷ ಬಂತು. ಇಷ್ಟು ತಿಳಿಯದಷ್ಟು ದಡ್ಡಳೇನು ನಾನು?

ಹೌದು, ನಿನ್ನನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ನೀನು ಪಟ್ಟಣಕ್ಕೆ ಎಳೆದುಕೊಂಡು ಹೋದ ನನ್ನ ಮಗನ ಹೆಣ ಬರುತ್ತದೆ ಅಂತ ನಾನು ಎಷ್ಟು ಹೊತ್ತು ರಸ್ತೆಗೆ ಕಣ್ಣು ಹಾಕಿ ನಿಂತಿದ್ದೆ ಅಂತ ನಿನಗೆ ಗೊತ್ತಾಗಲಿ ಅಂತಲೇ ನಿಲ್ಲಿಸಿದೆ.

ಚೀಲಗಳು ಬಂದವು. ಬೇರಿಗೆ ಕೊಳಚೆ ವಾಸನೆ, ಅಲ್ಲಲ್ಲಿ ಬೂದಿ ಬಣ್ಣ. ನಿಮ್ಮ ಪಟ್ಟಣದ ಗಾಳಿಯೇ ಅಷ್ಟು. ಹೆಂಗಸರು ಹೊಳೆಯಲ್ಲಿ ಕೊರಳು ಹಿಡಿದು ಮುಳುಗಿಸುವಂತೆ ನನ್ನನ್ನು ಮಾತಿನಲ್ಲಿ ಮುಳುಗಿಸಿದರು. ಒಬ್ಬಳು ಸುಟ್ಟುಬಿಡು ಅಂದಳು. ಮದ್ದಿನ ಬೇರಿಗೆ ಬೆಂಕಿ ಇಡುತ್ತಾರೇನು ಯಾರಾದರೂ? ಅಗೆಯುವ ಮೊದಲು ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ "ಒಂದು ಜೀವಕ್ಕೆ ಬೇಕು, ಅದಕ್ಕೆ ಕೀಳತೀನಿ ತಾಯಿ" ಅಂತ ಕೇಳಿ ಕಿತ್ತದ್ದು. ಅದು ಒಂದು ಜೀವಕ್ಕೆ ಸೇರಲೇಬೇಕು. ಎಲ್ಲವನ್ನೂ ನನ್ನ ಪಡಸಾಲೆಗೆ ಹಾಕಿಸಿಕೊಂಡೆ. ತೊಳೆದೆ, ವಾರವಿಡೀ ಬಿಸಿಲಿಗೆ ಹರಡಿದೆ. ಆಮೇಲೆ ಒಂದು ಬೇರು ಕಿವಿಗೆ ಹಿಡಿದು ಮುರಿದೆ. ಟಕ್ ಅಂತು. ಕೇಳಿಸಿತೇನು ನಿನಗೆ, ಬೆಂಗಳೂರಿನವರೆಗೆ?

ಈಗ ನಿನ್ನ ಮಗಳು ದಿನಾ ಅದನ್ನೇ ಹಾಲಿನಲ್ಲಿ ಕುಡಿಯುತ್ತಿದ್ದಾಳೆ. ನಾನೂ ಒಂದು ಗುಟುಕು ಕುಡಿಯುತ್ತೇನೆ. ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಮಷೀನಿಗೆ ಹೇಳು.

ಭೀಮಬಾಯಿ


ಮರ್ಫಿ ಟೌನ್
೧೮ ಜುಲೈ ೨೦೨೪

ಅತ್ತೆಯವರೇ,

ನಿಲ್ಲಿಸಿ. ಈ ಪತ್ರ ಓದುತ್ತಿರುವಾಗ ಒಲೆಯ ಮೇಲೆ ಹಾಲಿದ್ದರೆ ಅದನ್ನು ಚೆಲ್ಲಿ. ಆ ಬೇರಿನಲ್ಲಿ ನಿಜವಾಗಿಯೂ ವಿಷವಿದೆ. ನಿಮ್ಮ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. ಬಿಸಿಲಿಗೆ ಹಾಕಿದರೆ ತೇವ ಹೋಗುತ್ತದೆ, ವಿಷ ಹೋಗುವುದಿಲ್ಲ ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ದೊಡ್ಡವರ ಲಿವರು ತಡೆದುಕೊಂಡೀತು, ಕಾವೇರಿಯದು ಎಷ್ಟು ದೊಡ್ಡದಿದ್ದೀತು ಹೇಳಿ!

ಮೇ ತಿಂಗಳ ಪರೀಕ್ಷೆ ಎಂದು ನೀವು ಹಿಡಿದುಕೊಂಡು ಕೂತಿದ್ದೀರಿ. ಆ ಪರೀಕ್ಷೆ ತಪ್ಪಾಗಿತ್ತು. ಅದನ್ನು ಮಾಡಿದ್ದು ನಾನಲ್ಲ, ಹೊಸ ಹುಡುಗಿ ರಿಮ್ಶಾ. ಅವಳಿಗೆ ಇನ್ನೂ ಕೈ ಕುದುರಿಲ್ಲ. ಎರಡನೆಯ ಪರೀಕ್ಷೆಯೇ ಸರಿ. ಬೇರು ಒಣಗಿರಲಿಲ್ಲ, ಊರಿನಿಂದ ಬರುವಾಗಲೇ ಕೆಟ್ಟಿತ್ತು. ವಯಸ್ಸಾದ ಮೇಲೆ ಕಿವಿ ಮೋಸ ಮಾಡುವುದು ಸಹಜ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಈ ಒಂದು ಮಾತು ಕೇಳಿ. ಬೇರೆ ಯಾವುದನ್ನೂ ಕೇಳಬೇಡಿ. ಕಾವೇರಿಯನ್ನು ಈ ವರ್ಷ ಕಳಿಸದಿದ್ದರೂ ಪರವಾಗಿಲ್ಲ. ಈಗ ರಜೆ ಕೊಡುತ್ತಿಲ್ಲ, ನಾನು ಆಗಸ್ಟ್ ಹದಿನೈದರ ರಜೆಗೆ ಬರುತ್ತೇನೆ.

ರುದ್ರಾಣಿ


ಕೆಂಚನಾಳ
೨೦ ಆಗಸ್ಟ್ ೨೦೨೪

ರುದ್ರಾಣಿ,

ಬಂದೆ, ಕಂಡೆ, ಹೋದೆ. ಈಗ ನಾನು ಹೇಳುವುದನ್ನು ಕೂತು ಓದು.

ಜುಲೈ ಪತ್ರದಲ್ಲಿ ರಿಮ್ಶಾ ಪರೀಕ್ಷೆ ಮಾಡಿದಳು ಅಂದೆ. ಮೇ ಪತ್ರದಲ್ಲಿ ನನ್ನ ಕೈಯಾರೆ ಅಂದಿದ್ದೆ. ಸುಳ್ಳು ಹೇಳುವವಳು ಹಿಂದೆ ಏನು ಬರೆದಿದ್ದೆ ಅಂತ ನೆನಪಿಟ್ಟುಕೊಳ್ಳಬೇಕವ್ವ. ಯಾವುದೋ ಮುಸಲರ ಹುಡುಗಿಯ ತಲೆಗೆ ಕಟ್ಟಿದರೆ ಭೀಮಬಾಯಿ ನಂಬುತ್ತಾಳೆ ಅಂದುಕೊಂಡೆಯಾ? ಅಷ್ಟು ಸಾಲದು ಅಂತ ನನ್ನ ಕಿವಿಗೇ ಬಂದೆ.

ಹದಿನೈದಕ್ಕೆ ನೀನು ಅಂಗಳದಲ್ಲಿ ನಿಂತೆ. ಸಂಘದವರೆಲ್ಲ ಸೇರಿದ್ದರು. ನೀನು "ವಿಷ, ವಿಷ" ಅಂತ ಅತ್ತೆ. ನಾನು ಎಲ್ಲರೆದುರಿಗೆ ಒಂದೇ ಪ್ರಶ್ನೆ ಕೇಳಿದೆ. "ಖರೇ ಹೇಳು, ನಮ್ಮ ಬೇರು ಒಣಗಿತ್ತೋ ಇಲ್ಲೋ? ಒಣಗಿದ್ರ ಇಸ ಎಲ್ಲಿಂದ ಬಂತು?" ಎಲ್ಲರೂ ನಿನ್ನನ್ನೇ ನೋಡಿದರು. ಉತ್ತರ ಇದ್ದರೆ ಹೇಳುತ್ತಿದ್ದೆ. ಇರಲಿಲ್ಲ.

ಆಗ ನಾನು ಒಳಗೆ ಹೋಗಿ ಲೋಟ ತಂದೆ. ಹುಡುಗಿಯ ಕೈಗೆ ಕೊಟ್ಟೆ. ನೀನು ಹಾರಿ ಬಂದೆ, ಇಬ್ಬರು ಹೆಂಗಸರು ನಿನ್ನ ರಟ್ಟೆ ಹಿಡಿದರು. ಹುಡುಗಿ ಗಟಗಟ ಕುಡಿದು ಲೋಟ ಬೋರಲು ಹಿಡಿದು "ಅವ್ವಾ ನೋಡ, ಪೂರಾ ಕುಡದೆ" ಅಂದಿತು. ನಿನ್ನ ಕಡೆಯೇ ನೋಡಿ ನಕ್ಕಿತು. ಅದು ಯಾರ ಮಗಳು ಅಂತ ಅವತ್ತು ಊರಿಗೆ ತಿಳಿಯಿತು.

ಇನ್ನು ಬರಬೇಡ. ಪತ್ರ ಬರೆದರೂ ಓದುವುದಿಲ್ಲ. ಪಾಷಾನಿಗೂ ಹೇಳಿದ್ದೇನೆ.

ಭೀಮಬಾಯಿ


ಮರ್ಫಿ ಟೌನ್
೨೭ ಆಗಸ್ಟ್ ೨೦೨೪

ಅತ್ತೆ,

ಅಂಗಳದಲ್ಲಿ ಹೇಳದೆ ನುಂಗಿದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮ ಬೇರು ಒಣಗಿತ್ತು. ನಿಮ್ಮ ಕಿವಿ ಮೋಸ ಮಾಡಲಿಲ್ಲ. ಮೇ ತಿಂಗಳಲ್ಲಿ ನಾನೇ ಪರೀಕ್ಷೆ ಮಾಡಿದೆ, ಬೇರು ಶುದ್ಧವಾಗಿತ್ತು. ಆಮೇಲೆ ಹಲಸೂರಿನ ಗೋಡೌನಿಗೆ ನೀರು ನುಗ್ಗಿತಲ್ಲ, ನಾನೇ ಬರೆದಿದ್ದೆ. ಆ ನೀರಿನಲ್ಲಿ ನಿಮ್ಮ ಚೀಲಗಳು ನಿಂತವು. ಅಲ್ಲಿ ಬೂಷ್ಟು ಹಿಡಿಯಿತು, ಅಲ್ಲಿ ವಿಷ ಹುಟ್ಟಿತು. ಎರಡೂ ಪರೀಕ್ಷೆ ನಿಜ. ನಿಮಗೆ ವಾಪಸ್ ಬಂದ ಬೇರು ನೀವು ಕಳಿಸಿದ ಬೇರಲ್ಲ ಅತ್ತೆ.

ಫಲಿತಾಂಶ ಬಂದಾಗ ರಾಜಶೇಖರ ಸಾರ್ ಬಾಗಿಲು ಹಾಕಿ ಹೇಳಿದರು: "ನೋಡಿ ಮೇಡಂ, ಗೋಡೌನ್ ಅಂತ ಬರೆದ್ರೆ ಲಾಸ್ ಪೂರ್ತಿ ನಮ್ಮ ತಲೆ ಮೇಲೆ ಬರತ್ತೆ. ಸಪ್ಲೈಯರ್ ಡ್ರೈಯಿಂಗ್ ಸರಿ ಇಲ್ಲ ಅಂತ ಹಾಕ್ಬಿಡಿ, ಮುಗೀತು. ಅವ್ರೇನ್ ಕೋರ್ಟಿಗೆ ಬರ್ತಾರಾ?" ಅವರು ಬಲವಂತ ಮಾಡಿದರು ಎಂದು ನಾನು ಹೇಳುವುದಿಲ್ಲ. ನಾನು ಸ್ಟೇಷನ್ನಿನಲ್ಲಿ ನಿಂತು ಬಂದು ಮೂರು ವಾರವಾಗಿತ್ತಷ್ಟೇ. ಸಹಿ ಹಾಕುವಾಗ ನನಗೆ ಖುಷಿಯಾಯಿತು. ನಿಮ್ಮ ಮುಖ ಹೇಗಾಗುತ್ತದೆ ಎಂದು ಯೋಚಿಸಿ ಖುಷಿಪಟ್ಟೆ. ಚೀಲಗಳು ಕಾವೇರಿ ಮಲಗುವ ಪಡಸಾಲೆಗೇ ಹೋಗುತ್ತವೆ ಎಂದು ನನಗೆ ಹೊಳೆಯಲೇ ಇಲ್ಲ.

ಅಂಗಳದಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಅಷ್ಟು ಜನರ ಮುಂದೆ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕಾವೇರಿಯನ್ನು ಯಾವ ಮುಖದಿಂದ ಕೇಳಲಿ ಎಂದು ಲೆಕ್ಕ ಹಾಕುತ್ತಾ ನಿಂತೆ. ಅಷ್ಟರಲ್ಲಿ ನೀವು ಲೋಟ ತಂದಿರಿ. ಪೊಲೀಸರ ಹತ್ತಿರ ಹೋಗೋಣವೆಂದರೆ ವರದಿ ತೋರಿಸಬೇಕು, ವರದಿಯಲ್ಲಿ ನನ್ನ ಸಹಿ ಇದೆ.

ಈ ಪತ್ರವನ್ನು ಸಂಘದ ಮುಂದೆ ಓದಿ. ಕಂಪನಿಗೆ ತೋರಿಸಿ, ನನ್ನ ಕೆಲಸ ಕಳೆಯಿರಿ, ನನ್ನನ್ನು ಜೈಲಿಗೆ ಹಾಕಿಸಿ. ಹಾಲು ಮಾತ್ರ ನಿಲ್ಲಿಸಿ. ಇಲ್ಲಿ ಆಡಿಟ್ ನಡೆಯುತ್ತಿದೆ, ರಜೆ ಕೊಡುತ್ತಿಲ್ಲ. ಗಣೇಶನ ಹಬ್ಬ ಮುಗಿದ ಕೂಡಲೇ ಬರುತ್ತೇನೆ. ಪಾಷಾನ ಕಾಲು ಹಿಡಿದು ಇದನ್ನು ಕಳಿಸುತ್ತಿದ್ದೇನೆ.

ನಿಮ್ಮ ಕಾಲಿಗೂ ಬೀಳುತ್ತೇನೆ.

ರುದ್ರಾಣಿ


ಕೆಂಚನಾಳ
೮ ಸೆಪ್ಟೆಂಬರ್ ೨೦೨೪

ರುದ್ರಾಣಿ,

ಪಾಷಾ ನಿನ್ನ ಪತ್ರ ತಂದು "ಅಮ್ಮಾ, ಇದೊಂದ್ ಓದ್ರಿ, ಮೇಡಂ ತುಂಬಾ ಅತ್ಕೊಂಡು ಕೊಟ್ರು" ಅಂದ. ಅವನೆದುರಿಗೇ ಒಲೆಗೆ ಹಾಕಿದೆ. ಲಕೋಟೆಯನ್ನೂ ಒಡೆಯಲಿಲ್ಲ. ದಪ್ಪಗಿತ್ತು, ಚೆನ್ನಾಗಿ ಉರಿಯಿತು. ಅದೇ ಉರಿಗೆ ಹಾಲು ಕಾಯಿಸಿದೆ.

ಹುಡುಗಿಗೆ ಹತ್ತು ದಿನದಿಂದ ಊಟ ಸೇರುತ್ತಿಲ್ಲ. ಕಣ್ಣು ಸ್ವಲ್ಪ ಹಳದಿಯಾಗಿದೆ, ಕಾಮಣಿ ಇರಬೇಕು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದೇನೆ. ನಿಶ್ಶಕ್ತಿ ಬಹಳ ಇದೆ ಅಂತ ಬೇರಿನ ಹಾಲನ್ನು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಮಾಡಿದ್ದೇನೆ. ವಾಂತಿ ಮಾಡಿದರೂ ಬಿಡದೆ ಮತ್ತೆ ಕುಡಿಸುತ್ತೇನೆ. ನನಗೆ ಸಾಕಲು ಬರುತ್ತದೆ, ನೀನು ಚಿಂತೆ ಮಾಡಬೇಡ.

ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಹುಡುಗಿ ನಿನ್ನ ಹೆಸರು ಹೇಳುತ್ತಿತ್ತು, ಅದಕ್ಕೆ.

ಭೀಮಬಾಯಿ


ಕೆಂಚನಾಳ
೨೪ ನವೆಂಬರ್ ೨೦೨೪

ರುದ್ರಾಣಿಗೆ ಭೀಮಬಾಯಿಯ ಆಶೀರ್ವಾದ.

ಹುಡುಗಿ ಹೋಗಿ ಎರಡು ತಿಂಗಳಾಯಿತು. ನೀನು ಕಲಬುರಗಿಯ ದವಾಖಾನೆಗೆ ಬಂದೆ, ಆಗ ಅದಕ್ಕೆ ನಿನ್ನ ಗುರುತು ಸಿಗಲಿಲ್ಲ. ಮಣ್ಣಿಗೂ ಬಂದೆ. ನನಗೆ ಎರಡು ಹೊಡೆದು ಹೋಗುತ್ತೀ ಅಂತ ಕಾದಿದ್ದೆ. ನೀನು ಯೂನಿಫಾರ್ಮ್ ತೊಡಿಸಿ ಮಲಗಿಸಿದೆ, ಬಸ್ಸು ಹತ್ತಿದೆ. ಲಂಗ ಎರಡು ಬೆರಳು ಉದ್ದವಾಗಿತ್ತು.

ಡಾಕ್ಟರು ನನ್ನನ್ನು ಹೊರಗೆ ಕರೆದು "ಲಿವರ್ ಪೂರಾ ಹೋಗ್ಯಾದ ಅಮ್ಮಾ, ಏನು ತಿನಸಿದ್ರಿ?" ಅಂತ ಕೇಳಿದ. ನಾನು ಹಾಲು ಅಂದೆ. ಹಾಲು ಅಷ್ಟೇ ಅಂದೆ.

ನಿನಗೊಂದು ಹೇಳಬೇಕು, ಬೇರೆ ಯಾರಿಗೂ ಹೇಳಿಲ್ಲ. ಅದು ಮೊದಮೊದಲು ಆ ಹಾಲು ಕುಡಿಯುತ್ತಿರಲಿಲ್ಲ. ಕಹಿ ಅಂತ ಓಡುತ್ತ ಇತ್ತು. ನಾನೇ ಆಸೆ ತೋರಿಸಿದೆ. "ಇದನ್ನ ಕುಡದು ದಪ್ಪ ಆಗು, ದಪ್ಪ ಆದ ದಿನ ನಿನ್ನ ಅವ್ವನ ಕಡಿ ಕಳಸ್ತೀನಿ" ಅಂದೆ. ಅವತ್ತಿನಿಂದ ಒಂದು ದಿನ ತಪ್ಪಿಸಲಿಲ್ಲ. ಕುಡಿದ ಮೇಲೆ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು "ಅಜ್ಜಿ, ದಪ್ಪ ಆದೆ ಏನು?" ಅಂತ ಕೇಳುತ್ತಿತ್ತು. ಇನ್ನೂ ಇಲ್ಲ ಅನ್ನುತ್ತಿದ್ದೆ.

ಈಗ ನಾನು ಯಾವ ಬೇರನ್ನೂ ಕಿವಿಗೆ ಹಿಡಿಯುವುದಿಲ್ಲ. ಆ ಸಲ ಚೀಲ ಹೊಲಿಯುವಾಗ ಸಪ್ಪಳ ಕೇಳಿದ್ದೆನಾ, ಕೇಳಿದೆ ಅಂತ ಅಂದುಕೊಂಡೆನಾ, ನೆನಪು ಮಾಡಿಕೊಂಡು ಮಾಡಿಕೊಂಡು ತಲೆ ಕೆಟ್ಟಿದೆ. ಸಂಘದಲ್ಲಿ ಈಗ ಬೇರೆಯವಳು ಮುರಿಯುತ್ತಾಳೆ. ಪಡಸಾಲೆಯಲ್ಲಿ ಉಳಿದ ಚೀಲಗಳಿಂದ ಒಂದು ಮುಷ್ಟಿ ಬೇರು ಪಾಷಾನ ಕೈಲಿ ಕಳಿಸಿದ್ದೇನೆ. ಆರಿಸಿ ತೆಗೆದಿಲ್ಲ, ಕಣ್ಣು ಮುಚ್ಚಿ ಕೈಗೆ ಬಂದದ್ದು. ನೀನು ಪರೀಕ್ಷೆ ಮಾಡು. ನಾನು ನಿನ್ನ ಮಾತು ನಂಬುತ್ತೇನೆ, ಈ ಸಲ ನಂಬುತ್ತೇನೆ.

ನನಗೆ ಬೇಕಾದದ್ದು ಇಷ್ಟೇ. ನಮ್ಮ ಮನೆಯಿಂದ ಹೊರಟಾಗ ಆ ಬೇರು ಒಣಗಿತ್ತಾ? ಒಣಗಿತ್ತು ಅಂತಾದರೆ ನಾನು ಹೇಗೋ ಬದುಕಿಕೊಂಡೇನು. ಆ ಸುಟ್ಟ ಪತ್ರದಲ್ಲಿ ಏನು ಬರೆದಿದ್ದೆ, ಅದನ್ನೂ ಹೇಳು. ಖರೇ ಹೇಳು ನನ್ನವ್ವ.

ಭೀಮಬಾಯಿ


ಮರ್ಫಿ ಟೌನ್, ಬೆಂಗಳೂರು
೧೨ ಡಿಸೆಂಬರ್ ೨೦೨೪

ಅತ್ತೆಯವರಿಗೆ ಶರಣಾರ್ಥಿ.

ನಿಮ್ಮ ಪತ್ರವೂ ಬೇರೂ ತಲುಪಿದವು. ಉತ್ತರ ತಡವಾಯಿತು. ಲ್ಯಾಬಿಗೆ ಈಗ ನಾನೇ ಮುಖ್ಯಸ್ಥೆ, ಕೆಲಸ ಜಾಸ್ತಿ. ಗೋಡೌನಿನಲ್ಲಿ ಚೀಲಗಳನ್ನು ಇಡಲು ಎತ್ತರದ ಹಲಗೆಗಳನ್ನು ಹಾಕಿಸಿದ್ದೇನೆ. ಅಮೃತಮ್ಮ ಈಗಲೂ ಒಮ್ಮೊಮ್ಮೆ ಮರೆತು "ಕೊಳಂದೆ ಯಾವಾಗ ಬರತ್ತೆ" ಎಂದು ಕೇಳುತ್ತಾರೆ.

ಸುಟ್ಟ ಪತ್ರದಲ್ಲಿ ಏನಿತ್ತು ಎಂದು ಕೇಳಿದ್ದೀರಿ. ಗಣೇಶನ ಹಬ್ಬ ಮುಗಿದ ಮೇಲೆ ಬರುತ್ತೇನೆ ಎಂದು ಬರೆದಿದ್ದೆ. ಬೇರೇನೂ ಇರಲಿಲ್ಲ.

ನೀವು ಕಳಿಸಿದ್ದನ್ನು ನನ್ನ ಕೈಯಾರೆ ಅರೆದು ಪರೀಕ್ಷೆ ಮಾಡಿದೆ. ಬೂಷ್ಟಿನ ವಿಷ ಇದೆ. ನಿಮ್ಮ ಮನೆಯಿಂದ ಹೊರಟಾಗ ಒಣಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಜೂನ್ ತಿಂಗಳ ವರದಿಯಲ್ಲೇ ಇದೆ. ನಿಮಗೆ ಸಿಗದಿದ್ದರೆ ಇಲ್ಲಿ ಮತ್ತೆ ಬರೆಯುತ್ತೇನೆ.

ಬೇರು ಸರಿಯಾಗಿ ಒಣಗಿರಲಿಲ್ಲ.

ರುದ್ರಾಣಿ